ಮಣ್ಣವ್ವನ ಮಗ್ಗುಲಲ್ಲಿ ಜಾಗ ಕೇಳಿದ್ದು

ನಾನಿರುವ ಈ ಸೀಮೆಯಲ್ಲಿ ಸತ್ತವರನ್ನು ಗೊಬ್ಬರ ಮಾಡುತ್ತಾರೆ. ಇದು ಬೈಗುಳವಲ್ಲ, ನಿಜ. ಹೆಣವನ್ನು ಒಂದು ದೊಡ್ಡ ಡಬ್ಬಿಯಲ್ಲಿಟ್ಟು, ಮೇಲೆ ಕೆಳಗೆ ಮರದ ಚಕ್ಕೆ, ಒಣಹುಲ್ಲು ತುಂಬಿ, ಬೆಚ್ಚಗೆ ಮುಚ್ಚಿಡುತ್ತಾರೆ. ಕೆಲವು ವಾರ ಕಳೆದ ಮೇಲೆ ಒಳಗಿನ ಮಣ್ಣು ತೆಗೆದು ಮನೆಯವರಿಗೆ ಕೊಡುತ್ತಾರೆ. ಬೇಕಾದವರು ಅದನ್ನು ಗುಲಾಬಿ ಗಿಡಕ್ಕೆ ಹಾಕಿಕೊಳ್ಳುತ್ತಾರೆ. ಸರಕಾರದ ಒಪ್ಪಿಗೆಯೂ ಇದೆಯಂತೆ. ಇದನ್ನು ನನಗೆ ಹೇಳಿದವನು ನನ್ನ ಅಳಿಯ ಮಂಜುನಾಥ, ಊಟಕ್ಕೆ ಕೂತಾಗ, ಬದನೆಕಾಯಿ ಪಲ್ಯ ಹಾಕಿಸಿಕೊಳ್ಳುತ್ತ.

"ಅತ್ತೆ, ತಪ್ಪು ತಿಳ್ಕೋಬೇಡಿ. ನಿಮಗೆ ಮಣ್ಣೇ ಬೇಕು ಅಂತೀರಲ್ಲ, ಅದಕ್ಕೇ ಹೇಳ್ದೆ," ಅಂದ.

"ನನ್ನ ತಿಪ್ಪಿಗೆ ಹಾಕ್ರಿ ಅಂತ ನಾ ಯಾವಾಗ ಅಂದ್ನಿ?" ಅಂದೆ.

ಅವನು ಇನ್ನೊಂದು ಸೌಟು ಪಲ್ಯ ಹಾಕಿಕೊಂಡ. ಮೈಸೂರು ಕಡೆಯ ಹುಡುಗ, ಮನಸ್ಸು ಒಳ್ಳೆಯದು. ಆದರೆ ಎಲ್ಲದಕ್ಕೂ ಒಂದು ದಾರಿ ಇದ್ದೇ ಇರುತ್ತದೆ ಎಂದು ನಂಬಿದವನು. ನನ್ನ ಮಗಳು ಸುಮಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತು, ಈ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು.

ನಾವು ಗದಗಿನ ಕಡೆಯವರು, ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಹೂಳುತ್ತೇವೆ. ಬದುಕಿದ್ದಾಗ ಪೂಜೆಗೆ ಕೂತಂತೆ ಚಕ್ಕಳಮಕ್ಕಳ ಹಾಕಿಸಿ, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು, ಸುತ್ತಲೂ ವಿಭೂತಿ ಉಂಡೆ, ಬಿಲ್ವಪತ್ರಿ, ಉಪ್ಪು ತುಂಬಿ, ಮೇಲೆ ಮಣ್ಣು ಎಳೆಯುತ್ತೇವೆ. ಯಾರಾದರೂ ಸತ್ತರೆ ಮಣ್ಣಿಗೆ ಹೋಗಿ ಬರುತ್ತೇನೆ ಎನ್ನುವುದೇ ನಮ್ಮಲ್ಲಿ ರೂಢಿ. ನಮ್ಮ ಹೊಲದ ಬದುವಿನಲ್ಲಿ ನನ್ನ ಮಾವ, ಅತ್ತೆ, ಮೈದುನ ಸಾಲಾಗಿ ಕೂತಿದ್ದಾರೆ. ಕಳೆ ತೆಗೆಯುವಾಗ ಅವರ ಮಗ್ಗುಲಲ್ಲೇ ಬುತ್ತಿ ಬಿಚ್ಚುತ್ತಿದ್ದೆವು. ಸಾವೆಂದರೆ ನನಗೆ ಗೊತ್ತಿದ್ದುದು ಇಷ್ಟೇ: ಹೊಲದ ಒಂದು ಕಡೆ ಹೋಗಿ ಕೂತುಬಿಡುವುದು.

ಯಜಮಾನರಿಗೆ ಊರಲ್ಲಿ ಸೈಕಲ್ ಅಂಗಡಿ ಇತ್ತು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದರು. ಇದ್ದವಳು ಒಬ್ಬಳೇ ಮಗಳು, ಅವಳು ಕರೆದಳು, ಬಂದೆವು. ಮನೆ ಇರುವುದು ಶೋರ್‌ಲೈನಿನಲ್ಲಿ, ಸಿಯಾಟಲ್ ಊರಿಗೆ ಅಂಟಿಕೊಂಡು ಬಡಗಣ ದಿಕ್ಕಿಗೆ. ಮನೆ ಅಗಲವಿಲ್ಲ, ಎತ್ತರವಿದೆ. ಕೆಳಗೆ ಕಾರು ಮತ್ತು ಬಟ್ಟೆ ಒಗೆಯುವ ಕೋಣೆ, ನಡುವೆ ಅಡಿಗೆ, ಮೇಲೆ ಮಲಗುವುದು. ಒಂದು ಲೋಟ ನೀರಿಗೆ ಒಂದು ಅಂತಸ್ತು ಇಳಿಯಬೇಕು. ಅಂಗಳವಿಲ್ಲ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ, ಅವರ ನಾಯಿ ಆಕಳಿಸಿದರೂ ಕೇಳುತ್ತದೆ, ಅವರ ಮುಖ ಮಾತ್ರ ನಾನು ಸರಿಯಾಗಿ ನೋಡಿಲ್ಲ. ಊರಲ್ಲಿ ಹೊಸ್ತಿಲು ದಾಟಿದರೆ ಎಲ್ಲಿಗೆ ಹೊರಟೆ, ಯಾಕೆ ಹೊರಟೆ, ಯಾವಾಗ ಬರುತ್ತೀ ಎಂದು ಕೇಳಿ ಪ್ರಾಣ ತಿನ್ನುತ್ತಿದ್ದರು. ಇಲ್ಲಿಯವರು ಹೇಗಿದ್ದೀರಿ ಎಂದು ಕೇಳುತ್ತಾರೆ. ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ದಾಟಿ ಹೋಗಿರುತ್ತಾರೆ.

ಜೋಳದ ಹಿಟ್ಟು ರೆಡ್ಮಂಡ್ ಕಡೆಯ ಅಂಗಡಿಯಲ್ಲಿ ಸಿಗುತ್ತದೆ, ಹಳೆಯದು, ಜಿಗುಟಿಲ್ಲ. ರೊಟ್ಟಿ ಬಡಿದರೆ ಅಂಚಿಗೆಲ್ಲ ಬಿರುಕು. ಹೆಂಚು ಕಾದು ಹೊಗೆ ಎದ್ದರೆ ಛಾವಣಿಯಲ್ಲಿರುವ ಯಂತ್ರ ಕಿರುಚುತ್ತದೆ, ಮಂಜುನಾಥ ಓಡಿ ಬಂದು ಟವೆಲ್ ಬೀಸುತ್ತಾನೆ. ಯಜಮಾನರು ಅದಕ್ಕೆ ನಗುತ್ತಿದ್ದರು. ಅವರಿಗೆ ಇಲ್ಲಿ ಹಿಡಿಸಿದ್ದು ಒಂದೇ, ಬಸ್ಸು. ಮುದುಕರು ನಿಂತಿದ್ದರೆ ಇಲ್ಲಿಯ ಬಸ್ಸು ಉಸ್ಸೆಂದು ಒಂದು ಮಗ್ಗುಲಿಗೆ ಬಾಗುತ್ತದೆ, ಎಮ್ಮೆ ಮಂಡಿಯೂರಿದ ಹಾಗೆ. ಅದಕ್ಕೊಂದು ಕೈಮುಗಿದು ಹತ್ತುತ್ತಿದ್ದರು. ನಾನೂ ಈಗ ಒಬ್ಬಳೇ ಹತ್ತಿ ಇಳಿಯುತ್ತೇನೆ. ಕಲಿತದ್ದು ಅಷ್ಟೇ.

ಬಂದ ಎರಡನೇ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ, ಮೂಗಿಗೆ ಕೊಳವೆ ಹಾಕಿಸಿಕೊಂಡು. ಆಮೇಲೆ ಶುರುವಾಯಿತು ಪೇಚಾಟ. ಕೂಡಿಸಿ ಹೂಳುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಮಲಗಿಸಿಯಾದರೂ ಹೂಳೋಣವೆಂದರೆ ಹೆಣದ ಪೆಟ್ಟಿಗೆಯನ್ನು ಕಾಂಕ್ರೀಟಿನ ಇನ್ನೊಂದು ಪೆಟ್ಟಿಗೆಯೊಳಗೆ ಇಳಿಸುತ್ತಾರಂತೆ. ಅದಕ್ಕೆ ವಾಲ್ಟ್ ಎನ್ನುತ್ತಾರೆ. ಯಾಕೆ ಎಂದು ಕೇಳಿಸಿದೆ. ಮೇಲಿನ ಹುಲ್ಲು ಕುಸಿಯಬಾರದು, ಹುಲ್ಲು ಕತ್ತರಿಸುವ ಗಾಡಿ ಓಡಾಡಬೇಕು ಎಂದರು. ಮಣ್ಣಿನೊಳಗೆ ಇಟ್ಟೂ ಮಣ್ಣು ಮುಟ್ಟಗೊಡುವುದಿಲ್ಲ. ಸುಮಾ ಸುತ್ತಲಿನ ಸ್ಮಶಾನಗಳಿಗೆಲ್ಲ ಫೋನು ಮಾಡಿದಳು. ಎಲ್ಲರದೂ ಅದೇ ಮಾತು, ಊರಿಗೆ ಒಯ್ಯುವುದೂ ನಮ್ಮ ಕೈಲಾಗಲಿಲ್ಲ. ಕೊನೆಗೆ ಸುಟ್ಟರು. ಸುಡು ಎಂದೂ ನಾನು ಹೇಳಲಿಲ್ಲ, ಬೇಡವೆಂದರೆ ಬೇರೆ ಏನು ಮಾಡಬೇಕೆಂದು ಹೇಳಲು ನನ್ನ ಹತ್ತಿರವೂ ಏನಿರಲಿಲ್ಲ.

ಒಂದು ಡಬ್ಬಿಯಲ್ಲಿ ಬೂದಿ ಕೊಟ್ಟರು. ಬೇರೆಯವರಿಗೆ ಬೂದಿಗೊಂದು ಶಾಸ್ತ್ರವಿದೆ, ಹೊಳೆಗೆ ಬಿಡುತ್ತಾರೆ. ನಮ್ಮಲ್ಲಿ ಸುಡುವುದೇ ಇಲ್ಲವಲ್ಲ, ಬೂದಿಗೆ ಏನು ಮಾಡಬೇಕೆಂಬುದೇ ಇಲ್ಲ. ಊರಿಗೆ ಕಳಿಸುತ್ತೇನೆ, ಹೊಲದಲ್ಲಿ ಇಡಿ ಎಂದು ಮೈದುನನ ಮಗ ವೀರೇಶನಿಗೆ ಫೋನು ಹಚ್ಚಿಸಿದೆ. ಅವನು ಹಿರಿಯರನ್ನೆಲ್ಲ ಕೇಳಿ ಮರುದಿನ ಹೇಳಿದ.

"ದೊಡ್ಡವ್ವ, ದೊಡ್ಡಪ್ಪನ್ನ ಹಂಗ ತಂದಿದ್ರ ಬ್ಯಾರೆ ಮಾತು. ಸುಟ್ಟ ಬೂದಿ ಹಿರ್ಯಾರ ಸಾಲಿಗೆ ಇಡಾಕ ಬರೂದಿಲ್ಲಂತ. ನೀ ಬಾ. ನಿನಗ ಜಾಗಾ ಐತಿ."

ನನಗೆ ಜಾಗ ಇದೆ. ಅಲ್ಲಿ ಅವರು ಬರುವ ಹಾಗಿಲ್ಲ. ಇಲ್ಲಿ ನಾನು ಕೂರುವ ಹಾಗಿಲ್ಲ. ಡಬ್ಬಿ ಹೋಗಿ ಬಟ್ಟೆ ಒಗೆಯುವ ಕೋಣೆಯ ಮೇಲಿನ ಹಲಗೆ ಮೇಲೆ ಕೂತಿತು, ಸೋಪಿನ ಪುಡಿಯ ಪಕ್ಕ. ಯಂತ್ರ ಗಿರಗಿರ ತಿರುಗಿದಾಗ ಅದೂ ಅಲುಗುತ್ತಿತ್ತು. ನಾನು ಒಗೆಯುವುದು ಮುಗಿಯುವವರೆಗೆ ಅಲ್ಲೇ ಕೂತು ಅದರ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ಸುಮಾಳ ಕೆಲಸ ಕಂಪ್ಯೂಟರಿನದಲ್ಲ, ಮಣ್ಣಿನದು. ಎಲ್ಲಾದರೂ ಕಟ್ಟಡ ಏಳುವ ಮುಂಚೆ ಅಲ್ಲಿಯ ಮಣ್ಣು ತಂದು, ವಿಷ ಸೇರಿದೆಯೇ ಎಂದು ನೋಡಿ ಹೇಳುತ್ತಾಳೆ. ಅವಳ ಕೆಲಸದ ಕೋಣೆಯಲ್ಲಿ ಒಬ್ಬ ಬಿಳಿ ಹೆಂಗಸಿನ ಹಳೆಯ ಪಟವಿದೆ. ಉದ್ದ ಲಂಗ ಎತ್ತಿ ಕಟ್ಟಿ, ಕಾಡಿನೊಳಗೆ ಮಂಡಿಯೂರಿ ಕೂತು, ಮುಖ ಮಣ್ಣಿಗೆ ಹಚ್ಚಿದ್ದಾಳೆ. ಆಕೆಯ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ನಾನು ಮಣ್ಣವ್ವ ಎನ್ನುತ್ತೇನೆ. ಈ ಭಾಗದಲ್ಲಿ ಮಣ್ಣಿನ ವಿದ್ಯೆ ಶುರು ಮಾಡಿದವಳೇ ಆಕೆಯಂತೆ. ಕಾಡಿನ ನೆಲದಡಿ ಕೂದಲಿಗಿಂತ ಸಣ್ಣ ಬೂಷ್ಟಿನ ಎಳೆಗಳು ಗಿಡದ ಬೇರಿಗೆ ಉಣಿಸುತ್ತವೆ ಎಂದು ಇಲ್ಲಿ ಮೊದಲು ಕಂಡು ಬರೆದಳು. ಕಾಲೇಜಿನವರು ನಕ್ಕು ಬಾಗಿಲು ಹಾಕಿದರು. ಚಿಕ್ಕ ಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತ ಮುದುಕಿಯಾದಳು. ಸತ್ತು ಎಷ್ಟೋ ವರ್ಷದ ಮೇಲೆ ಅದೇ ಕಾಲೇಜಿನವರು ಆಕೆ ದೊಡ್ಡವಳೆಂದು ಹಾಡಿ ಹೊಗಳಿದರು.

ಆಕೆ ಕ್ವೇಕರ್ ಪಂಥದವಳು. ಕ್ವೇಕರರೆಂದರೆ ಕ್ರಿಸ್ತನವರೇ, ಆದರೆ ಪಾದ್ರಿ ಇಲ್ಲ, ಗಂಟೆ ಇಲ್ಲ, ಹಾಡಿಲ್ಲ. ಸುಮ್ಮನೆ ಕೂರುತ್ತಾರೆ. ಅವರದೊಂದು ಹಳೆಯ ಮಣ್ಣು ಮಾಡುವ ಜಾಗ ನಮ್ಮ ಮನೆಯಿಂದ ಬಸ್ಸಿನ ದಾರಿಯಲ್ಲೇ ಇದೆ. ಆಕೆ ಇರುವುದು ಅಲ್ಲಿ. ಸುಮಾಳ ಕಡೆಯ ಮಣ್ಣಿನ ವಿದ್ಯೆಯವರೆಲ್ಲ ಸೇರಿ ಅಲ್ಲಿ ಎದೆಯೆತ್ತರದ ಕಲ್ಲು ನಿಲ್ಲಿಸಿ, ಕಂಚಿನಲ್ಲಿ ಆಕೆಯ ಮುಖ ಕೂರಿಸುತ್ತೇವೆ ಎಂದು ಕೇಳಿದರು. ಕ್ವೇಕರರು ಒಪ್ಪಲಿಲ್ಲ. ಅವರಲ್ಲಿ ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಕೈ ಎತ್ತಿಸಿ ಲೆಕ್ಕ ಹಾಕುವುದಿಲ್ಲ, ಒಬ್ಬರ ಮನಸ್ಸು ಒಲ್ಲೆ ಎಂದರೂ ಮತ್ತೆ ಸುಮ್ಮನೆ ಕೂರುತ್ತಾರೆ. ಹಾಗೆ ತಿಂಗಳುಗಟ್ಟಲೆ ಕೂತು, ಕಂಚಿನ ಮುಖ ಹೋಯಿತು, ಎದೆಯೆತ್ತರ ಹೋಯಿತು, ಸವೆದ ಕಲ್ಲಿನ ಬದಲು ಅದೇ ಅಳತೆಯ ಹೊಸ ಕಲ್ಲು ಎಂದಾಯಿತು. ಸುಮಾ ಮನೆಗೆ ಬಂದು ಸಿಟ್ಟು ಮಾಡಿಕೊಂಡು ಇದನ್ನೆಲ್ಲ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಇನ್ನೊಂದು ಮಾತು ಹೇಳಿದಳು. ಮಣ್ಣವ್ವ ಪೆಟ್ಟಿಗೆ ಬೇಡವೆಂದಿದ್ದಳಂತೆ. ಒಂದು ದುಪ್ಪಟಿ ಸುತ್ತಿ ನೇರ ಮಣ್ಣಿಗಿಟ್ಟರಂತೆ.

"ಕಾಂಕ್ರೀಟ್ ಇಲ್ಲೇನ?" ಎಂದು ಕೇಳಿದೆ.

"ಇಲ್ಲ ಅವ್ವ."

"ಕಾರ್ಯಕ್ರಮಕ್ಕ ನಾನೂ ಬರ್ತೀನಿ."

ಹೊಸ ಕಲ್ಲು ಇಟ್ಟ ಮೇಲೆ ಆಕೆಯ ನೆನಪಿಗೆ ಒಂದು ಭಾನುವಾರ ಎಲ್ಲರೂ ಸೇರಿದರು. ಜಾಗ ಎರಡು ಬಾಡಿಗೆ ಕಟ್ಟಡಗಳ ನಡುವೆ ಇತ್ತು, ಎದುರಿಗೆ ಟೈರಿನ ಅಂಗಡಿ. ಒಳಗೆ ಹೋದರೆ ಎತ್ತರದ ಮರಗಳು, ಪಾದದೆತ್ತರದ ಕಲ್ಲುಗಳು. ನಾನು ಚಪ್ಪಲಿ, ಕಾಲುಚೀಲ ತೆಗೆದೆ. ಮಣ್ಣು ಕಪ್ಪಗಿತ್ತು, ನಮ್ಮ ಎರೆಮಣ್ಣಿನ ಬಣ್ಣವೇ. ಆದರೆ ನಮ್ಮದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಇದು ಬಾಯಾರಿದ್ದನ್ನೇ ಕಂಡಿಲ್ಲ. ಗದ್ದುಗೆಗೆ ಹೋದರೆ ಬರಿಗೈಯಲ್ಲಿ ನಿಲ್ಲುವುದು ನಮಗೆ ಗೊತ್ತಿಲ್ಲ. ಸೆರಗಿನ ತುದಿಯಲ್ಲಿ ವಿಭೂತಿ ಕಟ್ಟಿಕೊಂಡು ಹೋಗಿದ್ದೆ. ಸ್ವಚ್ಛವಾಗಿದ್ದ ಒಂದು ಕಲ್ಲು ಕಂಡಿತು, ಅದೇ ಇರಬೇಕೆಂದು ಕೂತು, ನೀರು ಹಚ್ಚಿ, ಮೂರು ಬೆರಳಲ್ಲಿ ವಿಭೂತಿ ಎಳೆದೆ. ಪತ್ರಿ ಎಲ್ಲಿ ತರುವುದು, ಬೇಲಿಯ ಮೂರೆಲೆ ಕಿತ್ತು ಇಟ್ಟು ಅಡ್ಡ ಬಿದ್ದೆ. ಎದ್ದಾಗ ಸುಮಾ ಹಿಂದೆ ನಿಂತಿದ್ದಳು.

"ಅವ್ವಾ, ಅದಲ್ಲ. ಆಕೀ ಆ ಕಡಿ ಅದಾಳ."

ಮೂರು ಗೆರೆ ಎಳೆದ ಕಲ್ಲು ಬೇರೆ ಯಾರದೋ. ಅಲ್ಲಿಯ ಉಸ್ತುವಾರಿ ನೋಡಿಕೊಳ್ಳುವ ವಾಲ್ಟರ್ ಎಂಬ ಮುದುಕ ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆ. ಅದು ಅವನ ಸೋದರತ್ತೆಯ ಕಲ್ಲಂತೆ. ಒರೆಸಲು ನಾನು ಸೆರಗು ಎತ್ತಿದರೆ ಕೈ ಅಡ್ಡ ಮಾಡಿದ. ಜೀವಮಾನವಿಡೀ ಕೋಳಿ ಸಾಕಿದವಳು, ಅವಳನ್ನು ಯಾರೂ ಇಷ್ಟು ಮಾತಾಡಿಸಿರಲಿಲ್ಲ, ಇರಲಿ ಬಿಡಿ ಎಂದನಂತೆ.

ಬೆಂಚಿನ ಮೇಲೆ ಕೂತೆವು. ಯಾರೂ ಮಾತಾಡಲಿಲ್ಲ. ಮುಖ್ಯ ಅತಿಥಿ ತಡವಾಗಿರಬೇಕು ಎಂದುಕೊಂಡೆ, ನಮ್ಮ ಕಡೆ ಶಾಸಕರಿಗೆ ಕಾಯುವುದಿಲ್ಲವೇ ಹಾಗೆ. ಮೈಕೂ ಕಾಣಲಿಲ್ಲ. ಬಹಳ ಹೊತ್ತು ನೋಡಿ ಸುಮಾಳ ಕಿವಿಯಲ್ಲಿ ಕೇಳಿದೆ.

"ಯಾರ ಹಾದಿ ಕಾಯಾಕತ್ತಾರ?"

"ಯಾರದೂ ಇಲ್ಲ. ಇದ ಕಾರ್ಯಕ್ರಮ."

ಮನಸ್ಸಿಗೆ ಏನಾದರೂ ಬಂದರೆ ಯಾರು ಬೇಕಾದರೂ ಎದ್ದು ಹೇಳಬಹುದಂತೆ. ಕಾಲೇಜಿನವನೊಬ್ಬ ಎದ್ದು ಬೂಷ್ಟಿನ ಎಳೆಗಳ ಬಗ್ಗೆ ಹೇಳಿದ. ಗಾಲಿ ಕುರ್ಚಿಯ ಮುದುಕಿಯೊಬ್ಬಳು, ತನ್ನ ತಾಯಿಗೆ ಮಣ್ಣವ್ವ ಪಾಠ ಹೇಳಿದ್ದಳು, ಮಕ್ಕಳಿಗೆಲ್ಲ ಮಣ್ಣು ಮೂಸಲು ಕಲಿಸುತ್ತಿದ್ದಳು ಎಂದಳಂತೆ. ಪ್ರತಿ ಮಾತಿನ ನಂತರ ಮತ್ತೆ ಸುಮ್ಮನೆ. ಇಂಥ ಜಾಗ ಇನ್ನೊಮ್ಮೆ ಸಿಗುವುದಿಲ್ಲ ಅನ್ನಿಸಿತು. ಎದ್ದು ನಿಂತೆ. ಸುಮಾ ಸೀರೆ ಜಗ್ಗಿದಳು, ನಾನು ಕೂರಲಿಲ್ಲ.

"ನಾ ಮಣ್ಣಾಗ ದುಡದಾಕಿ. ನನ್ನ ಗಂಡನ್ನ ಸುಟ್ಟಾರ, ಆತ ಅರಿಬಿ ಒಗಿಯೂ ಕ್ವಾಣ್ಯಾಗ ಡಬ್ಬ್ಯಾಗ ಅದಾನ. ನನಗ ಈ ಅವ್ವನ ಬಾಜೂಕ ಒಂದು ಕುಣಿ ಕೊಡ್ರಿ. ನಾ ಕುಂತು ಹೋಗಾಕಿ. ಮಲಗಿದವರಷ್ಟು ಜಾಗಾ ನನಗ ಬೇಕಾಗೂದಿಲ್ಲ."

ಎಲ್ಲರೂ ಸುಮಾಳ ಕಡೆ ನೋಡಿದರು. ಅವಳು ಎದ್ದು ಇಂಗ್ಲಿಷಿನಲ್ಲಿ ಹೇಳಿದಳು. ಪೂರ್ತಿ ಹೇಳಿದಳೋ ಇಲ್ಲವೋ ನನಗೆ ತಿಳಿಯದು. ಒಂದು ಕಡೆ ಅಂಗೈ ಮಡಿಲಲ್ಲಿಟ್ಟು ಕೂರುವುದು ಹೇಗೆಂದು ತೋರಿಸಿದಳು, ಅದರಿಂದ ಹೇಳಿದಳೆಂದು ನಂಬಿದೆ.

ಯಾರೂ ಉತ್ತರ ಕೊಡಲಿಲ್ಲ. ಹೂಂ ಇಲ್ಲ, ಊಹೂಂ ಇಲ್ಲ. ಕೊನೆಗೆ ಒಬ್ಬರಿಗೊಬ್ಬರು ಕೈ ಕುಲುಕಿ ಎದ್ದರು, ಚಹಾ ಕುಡಿದರು. ಕಾರಿನಲ್ಲಿ ಕೂತು ನಾನು ಬಾಯಿಗೆ ಬಂದಂತೆ ಬೈದೆ. ನಮ್ಮೂರಲ್ಲಾದರೆ ಕೊಡುವುದಿಲ್ಲ ಹೋಗು ಎಂದು ಮುಖಕ್ಕೆ ಹೇಳುತ್ತಿದ್ದರು, ಜಗಳವಾದರೂ ಆಗುತ್ತಿತ್ತು. ಸುಮಾ ಅವರ ರೀತಿ ವಿವರಿಸಿದಳು. ಮೌನದಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಅಲ್ಲೇ ಉತ್ತರ ಕೊಡಬಾರದು, ಮನೆಗೆ ಒಯ್ದು ಯೋಚಿಸಬೇಕಂತೆ. ನಾನು ನಂಬಲಿಲ್ಲ. ಇಲ್ಲಿ ಯಾವುದೂ ಆಗುವುದಿಲ್ಲ, ನಾನು ಊರಿಗೇ ಹೋಗುತ್ತೇನೆ ಎಂದೆ. ಅವಳು ಟೈರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು.

"ನಾ ಇಲ್ಲೇ ಇರಾಕಿ ಅವ್ವಾ. ನೀ ಸತ್ತ ಮ್ಯಾಲೂ ಇಲ್ಲೇ ಇರಾಕಿ. ನಿನ್ನ ನೋಡಬೇಕ ಅನ್ನಿಸಿದ್ರ ನಾ ಎಲ್ಲಿಗೆ ಬರ್ಲಿ? ಅಷ್ಟ ಹೇಳು."

ನಾನು ಕಿಟಕಿಯ ಕಡೆ ತಿರುಗಿದೆ. ಮನೆ ಬರುವವರೆಗೆ ಇಬ್ಬರೂ ಕ್ವೇಕರರಂತೆ ಕೂತಿದ್ದೆವು.

ಮುಂದಿನ ಭಾನುವಾರ, ಅವರು ವಾರವಾರವೂ ಸೇರಿ ಕೂರುವ ಹೊತ್ತಿಗೆ, ಬಸ್ಸು ಹತ್ತಿ ನಾನೇ ಹೋದೆ. ಕೇಳಿದ್ದಕ್ಕೆ ಉತ್ತರ ಕೊಡಲಿ, ಎದುರಿಗೆ ಹೋಗಿ ಕೂರುತ್ತೇನೆ ಎಂಬ ಹಟದಿಂದ. ಆಮೇಲೆ ಪ್ರತಿ ಭಾನುವಾರ ಹೋದೆ. ಈ ದೇಶದಲ್ಲಿ ಎಲ್ಲಿ ಹೋದರೂ ನಾನು ಮೂಕಿ. ಅಂಗಡಿಯಲ್ಲಿ ಮೂಕಿ, ಆಸ್ಪತ್ರೆಯಲ್ಲಿ ಮೂಕಿ, ಸುಮಾಳ ಗೆಳತಿಯರ ಮನೆಯಲ್ಲೂ ಅರ್ಧ ಮೂಕಿ. ಅಲ್ಲಿ ಮಾತ್ರ ಎಲ್ಲರೂ ನನ್ನಂತೆಯೇ. ಸೆರಗಿನೊಳಗೆ ಲಿಂಗ ಅಂಗೈಗೆ ತೆಗೆದುಕೊಂಡು ಕೂರುತ್ತಿದ್ದೆ, ಯಾರೂ ಏನೆಂದು ಕೇಳಲಿಲ್ಲ. ಗಾಲಿ ಕುರ್ಚಿಯ ಮುದುಕಿ ನನಗೆ ಜಾಗ ಹಿಡಿದಿಡುತ್ತಿದ್ದಳು. ಒಂದು ದಿನ ಅವಳಿಗೆ ಶೇಂಗಾ ಹೋಳಿಗೆ ಒಯ್ದು ಕೊಟ್ಟೆ, ಕಣ್ಣು ಮುಚ್ಚಿ ತಿಂದಳು. ಕೊಡುತ್ತಾರೆ ಅನ್ನಿಸತೊಡಗಿತ್ತು. ಅದೇ ತಪ್ಪಾಯಿತು.

ಚಳಿ ಕಳೆದ ಮೇಲೆ ವಾಲ್ಟರ್ ಮನೆಗೆ ಬಂದ. ಬೂಟು ಬಾಗಿಲಲ್ಲಿ ಬಿಟ್ಟು, ಮೆಟ್ಟಿಲು ಹತ್ತಿ ಬಂದು, ಚಹಾ ಹಿಡಿದುಕೊಂಡು ಕೂತ. ನನ್ನ ಮಾತನ್ನು ಅವರು ಬಿಟ್ಟಿರಲಿಲ್ಲ, ಇಷ್ಟು ತಿಂಗಳೂ ಕೂತು ಯೋಚಿಸಿದ್ದರಂತೆ. ಹೆಣ ಇಡಲು ಅಲ್ಲಿ ಜಾಗವೇ ಉಳಿದಿಲ್ಲ. ಮಣ್ಣವ್ವನ ನಂತರ ಕೆಲವರು ಹೋದದ್ದೇ ಕೊನೆ, ಅವನ ಹೆಂಡತಿಗೇ ಸಿಗಲಿಲ್ಲ. ಬೇಲಿಯ ಬದಿಗೆ, ಮರದ ಬೇರುಗಳ ನಡುವೆ, ಬೂದಿ ಇಡುವಷ್ಟು ನೆಲವಿದೆ. ಅವನ ಹೆಂಡತಿ ಇರುವುದೂ ಅಲ್ಲೇ. ನಾವು ಅವರವರಲ್ಲ, ಆದರೂ ಕೊಡಲು ಎಲ್ಲರ ಮನಸ್ಸು ಕೂಡಿತು. ನನ್ನ ಗಂಡನಿಗೂ, ಕಾಲ ಬಂದಾಗ ನನಗೂ.

ಮಂಜುನಾಥನಿಗೆ ಖುಷಿಯಾಯಿತು. "ಅತ್ತೆ, ಮಾವನೂ ನೀವೂ ಒಟ್ಟಿಗೇ ಇರಬಹುದಲ್ಲ," ಅಂದ.

"ಹೂಂ. ಸುಟ್ಟ ಮ್ಯಾಲೆ," ಅಂದೆ.

ಸುಮಾ ಅದನ್ನು ವಾಲ್ಟರನಿಗೆ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ಅವನು ನನ್ನ ಮುಖ ನೋಡಿ ಲೋಟ ಕೆಳಗಿಟ್ಟ.

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಬೈದು ವಿಮಾನ ಹತ್ತಬಹುದಿತ್ತು. ವೀರೇಶನೂ ಕೆಟ್ಟವನಲ್ಲ, ಅಲ್ಲಿಯ ರೀತಿ ಅಲ್ಲಿಗೆ. ಎಲ್ಲರೂ ತಮ್ಮ ಕೈಲಾದಷ್ಟು ಕೊಟ್ಟರು. ಕೂಡಿಸಿದರೆ ಇಬ್ಬರಿಗೆ ಒಂದು ಕುಣಿ ಆಗಲಿಲ್ಲ.

ಯಜಮಾನರನ್ನು ಎಷ್ಟು ದಿನ ಸೋಪಿನ ಪುಡಿಯ ಪಕ್ಕ ಇಡುವುದು. ಒಪ್ಪಿಕೊಂಡೆ. ವಾಲ್ಟರ್ ಬೇರುಗಳ ನಡುವೆ ತಾನೇ ಕುಣಿ ತೋಡಿದ್ದ. ನಮ್ಮ ಜೋಳ ಅಳೆಯುವ ಸೇರಿನಷ್ಟು ಬಾಯಿ. ಅಷ್ಟು ದೊಡ್ಡ ಆಳು, ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ತಲೆಕೆಳಗು ನಿಲ್ಲಿಸುತ್ತಿದ್ದವರು. ನಾನು ಕೂತು, ಮೊದಲು ವಿಭೂತಿ ಹಾಕಿ, ಉಪ್ಪು ಹಾಕಿ, ಡಬ್ಬಿ ಬಗ್ಗಿಸಿದೆ. ಅರ್ಧ ಸುರಿದು ನಿಲ್ಲಿಸಿದೆ. ವಾಲ್ಟರ್ ನೋಡಿದ. ಮಣ್ಣು ಎಳೆದು ಅಂಗೈಯಿಂದ ಒತ್ತಿದೆ. ಮಣ್ಣವ್ವನ ಕಲ್ಲು ಅಲ್ಲಿಂದ ಕಾಣುತ್ತದೆ. ಕೋಳಿ ಸಾಕಿದ ಅತ್ತೆಯ ಕಲ್ಲಿನ ಮೇಲೆ ನಾನೆಳೆದ ಗೆರೆ ಎಂದೋ ಅಳಿಸಿಹೋಗಿತ್ತು.

ಮನೆಗೆ ಬಂದು ಉಳಿದ ಬೂದಿಯನ್ನು ವಿಭೂತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಸೀರೆಗಳ ಕೆಳಗಿಟ್ಟೆ. ಸುಮಾ ಬಾಗಿಲಲ್ಲಿ ನಿಂತು ನೋಡಿದಳು.

"ಅದನ್ಯಾಕ ಇಟಗೊಂಡಿ?"

"ಊರಾಗ ನನ್ನ ಕೂಡ್ಸುವಾಗ ಮಡಲಾಗ ಇರತೈತಿ. ಸತ್ತ ಮುದುಕಿ ಮಡಲ ಬಿಚ್ಚಿ ಯಾರ ನೋಡ್ತಾರ?"

ಅವಳು ಓದಿದವಳು, ಮುಂದಿನದು ತಾನೇ ತಿಳಿದುಕೊಂಡಳು. ಹೆಣವಾದ ಮೇಲೆ ನನ್ನನ್ನು ಕೂತ ಹಾಗೇ ಅಷ್ಟು ದೂರ ಒಯ್ಯುವವರಿಲ್ಲ. ಅಲ್ಲಿ ಕೂರಬೇಕೆಂದರೆ ಜೀವ ಇರುವಾಗಲೇ ಹೋಗಿ, ಅಲ್ಲಿ ಯಾರದೋ ಮನೆಯ ಮೂಲೆಯಲ್ಲಿ ಸಾವಿಗೆ ಕಾಯಬೇಕು. ಅಂದರೆ ಒಂದು ದಿನ ಇವಳ ಮನೆಯಿಂದ ಹೊರಟು, ಮತ್ತೆ ಬರಬಾರದು.

ಅವಳು ಮಂಚದ ಅಂಚಿಗೆ ಕೂತಳು. ಅಪ್ಪನ ಅರ್ಧ ಇಲ್ಲಿದೆ, ಅದು ತನಗೆ, ಭಾನುವಾರ ಹೋಗಿ ನೋಡಿ ಬರುತ್ತೇನೆ ಎಂದಳು. ಅಳುತ್ತಿರಲಿಲ್ಲ, ಮಾರ್ಕೆಟ್ಟಿಗೆ ಹೋಗುವವಳಂತೆ ಹೇಳಿದಳು. ಆಮೇಲೆ ಕೇಳಿದಳು.

"ನಿಂದು ಎಷ್ಟು ನನಗ?"

ಅವರನ್ನು ಸುಟ್ಟಿದ್ದರು, ಅದಕ್ಕೇ ಎರಡು ಪಾಲು ಮಾಡಲು ಬಂತು. ಕೂತು ಹೋಗುವವಳು ಇಡಿಯಾಗಿಯೇ ಹೋಗಬೇಕು. ಅದನ್ನು ಅವಳಿಗೆ ಹೇಳಲಿಲ್ಲ. ಗಂಟು ಸೀರೆಗಳ ಕೆಳಗಿದೆ. ಟಿಕೆಟ್ ತೆಗೆಸು ಎಂದು ಮಂಜುನಾಥನಿಗೆ ನಾನು ಇನ್ನೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.